ಪಾಠವೂ ಅವರದೇ, ದುಭಾಷಿ ಕೆಲಸವೂ ಅವರದೇ

1954ರಲ್ಲಿ ಟೆಕ್ಸಾಸಿನ ಮಾರ್ಫಾ ಎಂಬ ಪುಟ್ಟ ಊರಿನ ಬ್ಲ್ಯಾಕ್‌ವೆಲ್ ಶಾಲೆಯಲ್ಲೊಂದು ಶವಸಂಸ್ಕಾರ ನಡೆಯಿತು. ಸತ್ತವರು ಯಾರೂ ಇರಲಿಲ್ಲ. ಇನ್ನು ಶಾಲೆಯಲ್ಲಿ ಸ್ಪ್ಯಾನಿಷ್ ಮಾತಾಡುವುದಿಲ್ಲವೆಂದು ಮೆಕ್ಸಿಕನ್ ಮೂಲದ ಮಕ್ಕಳ ಕೈಯಲ್ಲಿ ಚೀಟಿ ಬರೆಸಿದರು. ಅವನ್ನು ಪೆಟ್ಟಿಗೆಗೆ ತುಂಬಿ, ಧ್ವಜಸ್ತಂಭದ ಬಳಿ ಹೂತರು. ಮಣ್ಣಾದವನಿಗೆ ‘ಮಿಸ್ಟರ್ ಸ್ಪ್ಯಾನಿಷ್’ ಎಂದು ಹೆಸರನ್ನೂ ಇಟ್ಟಿದ್ದರು.

ಕಾನೂನಿನ ಬಲವೂ ಇದಕ್ಕಿತ್ತು. ಭಾಷಾ ತರಗತಿಯ ಹೊರತು ಬೇರೆ ಪಾಠವನ್ನು ಇಂಗ್ಲಿಷೇತರ ಭಾಷೆಯಲ್ಲಿ ಮಾಡಿದ ಶಿಕ್ಷಕರನ್ನು ಟೆಕ್ಸಾಸ್ 1918ರಿಂದಲೇ ಅಪರಾಧಿಗಳೆಂದು ಕಾಣುತ್ತಿತ್ತು. ಪಕ್ಕದ ನ್ಯೂ ಮೆಕ್ಸಿಕೋ 1912ರಲ್ಲಿ ರಾಜ್ಯವಾದಾಗ ಅದರ ಸಂವಿಧಾನ ಹೇಳಿದ್ದು ಇದಕ್ಕೆ ತದ್ವಿರುದ್ಧ: ಸ್ಪ್ಯಾನಿಷ್ ಮನೆಮಾತಿನ ಮಕ್ಕಳಿಗೆ ಕಲಿಸುವವರು ಎರಡೂ ಭಾಷೆಗಳಲ್ಲಿ ನುರಿತಿರಬೇಕು, ಅವರನ್ನು ಹಾಗೆ ತಯಾರು ಮಾಡುವುದು ಸರ್ಕಾರದ ಹೊಣೆ. ಅಂಥ ಶಿಕ್ಷಕರಿಗಾಗಿ ಎಲ್ ರೀಟೊದಲ್ಲಿ 1909ರಲ್ಲೇ ಒಂದು ತರಬೇತಿ ಶಾಲೆ ತೆರೆದಿತ್ತು.

ಆದರೆ ಶಾಲೆಗಳಲ್ಲಿ ಹೆಚ್ಚಾಗಿ ನಡೆದದ್ದು ಟೆಕ್ಸಾಸಿನ ಬಗೆಯೇ. ಅರಿಜೋನಾದ ಟೂಸಾನಿನಲ್ಲಿ 1920ರ ದಶಕದ ಕೊನೆಗೆ ಕೆಲಸಕ್ಕೆ ಸೇರಿದ ಮರಿಯಾ ಉರ್ಕಿಡೆಸ್, ತಾವೇ ಸ್ಪ್ಯಾನಿಷ್ ಮನೆಯಲ್ಲಿ ಬೆಳೆದವರಾದರೂ, ಸ್ಪ್ಯಾನಿಷ್ ಆಡಿದ ಮಕ್ಕಳನ್ನು ಶಿಕ್ಷಿಸಬೇಕಿತ್ತು. ಅದು ಅವರನ್ನು ಬಹುಕಾಲ ಕೊರೆಯಿತು. 1966ರಲ್ಲಿ ಸ್ಪ್ಯಾನಿಷ್ ಮನೆಮಾತಿನ ಮಕ್ಕಳ ಕಲಿಕೆಯ ಬಗ್ಗೆ ರಾಷ್ಟ್ರೀಯ ಶಿಕ್ಷಕರ ಸಂಘ ಪ್ರಕಟಿಸಿದ ಟೂಸಾನ್ ಸಮೀಕ್ಷೆಯ ಹಿಂದೆ ಅವರಿದ್ದರು. ಎರಡು ವರ್ಷದ ನಂತರ ದ್ವಿಭಾಷಾ ಶಿಕ್ಷಣ ಕಾಯಿದೆಗೆ ಸಹಿ ಹಾಕಿದ ಅಧ್ಯಕ್ಷ ಲಿಂಡನ್ ಜಾನ್ಸನ್ ಕೂಡ ಒಂದು ಕಾಲಕ್ಕೆ ಕೊಟುಲ್ಲಾ ಊರಿನ ಮೆಕ್ಸಿಕನ್ ಮಕ್ಕಳಿಗೆ ಮೇಷ್ಟ್ರಾಗಿದ್ದವರು. ಅವರ ತರಗತಿಯಲ್ಲೂ ಸ್ಪ್ಯಾನಿಷ್‌ಗೆ ಪ್ರವೇಶವಿರಲಿಲ್ಲ.

ಕಾಯಿದೆಯ ಬೆನ್ನಿಗೇ ಹಣ ಬಂತು. ಎರಡು ಭಾಷೆ ಬಲ್ಲ ಶಿಕ್ಷಕರಿಗೆ ಬೇಡಿಕೆಯೂ ಬಂತು. ಆದರೆ ಎರಡು ಭಾಷೆ ಬಂದವರಿಗೆ ಅನುವಾದವೂ ತಾನಾಗಿ ಬರುತ್ತದೆಂದು ಎಲ್ಲರೂ ನಂಬಿಬಿಟ್ಟರು. ಎಷ್ಟೋ ತರಗತಿಗಳಲ್ಲಿ ಶಿಕ್ಷಕಿ ಒಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಳಿ ಕೂಡಲೇ ಸ್ಪ್ಯಾನಿಷಿನಲ್ಲಿ ಮತ್ತೆ ಹೇಳುತ್ತಿದ್ದರು. 1980ರ ದಶಕದಲ್ಲಿ ಭಾಷಾ ವಿದ್ವಾಂಸೆ ಲಿಲಿ ವಾಂಗ್ ಫಿಲ್ಮೋರ್ ಇದರ ದೋಷವನ್ನು ಎತ್ತಿ ತೋರಿಸಿದರು: ತಮ್ಮ ಭಾಷೆಯ ಸರದಿ ಹೇಗೂ ಬರುತ್ತದೆಂದು ಗೊತ್ತಿದ್ದ ಮಕ್ಕಳು ಇನ್ನೊಂದಕ್ಕೆ ಕಿವಿಗೊಡುವ ಗೋಜಿಗೇ ಹೋಗುತ್ತಿರಲಿಲ್ಲ. ಮಯಾಮಿಯ ಕೋರಲ್ ವೇ ಶಾಲೆ ಈ ಗುಂಡಿಗೆ ಬಿದ್ದಿರಲಿಲ್ಲ. ಕ್ಯೂಬಾದಿಂದ ಬಂದ ನಿರಾಶ್ರಿತರ ಮಕ್ಕಳನ್ನೂ ಇಂಗ್ಲಿಷ್ ಮನೆಮಾತಿನ ಮಕ್ಕಳನ್ನೂ ಸೇರಿಸಿ 1963ರಲ್ಲಿ ಶುರುವಾದ ಅಲ್ಲಿನ ಪ್ರಯೋಗದಲ್ಲಿ ಅರ್ಧ ದಿನ ಮನೆಮಾತಿನಲ್ಲಿ ಪಾಠ, ಇನ್ನರ್ಧ ದಿನ ಇನ್ನೊಂದು ಭಾಷೆಯಲ್ಲಿ. ಎರಡಕ್ಕೂ ಬೇರೆ ಬೇರೆ ಶಿಕ್ಷಕರು.

ತರಗತಿಯಾಚೆಗಿನ ತಪ್ಪುಗಳು ಇನ್ನೂ ದುಬಾರಿ. ಕ್ಯಾಲಿಫೋರ್ನಿಯಾದಲ್ಲಿ ಒಂಬತ್ತು ಮೆಕ್ಸಿಕನ್ ಅಮೆರಿಕನ್ ಮಕ್ಕಳಿಗೆ ಇಂಗ್ಲಿಷಿನಲ್ಲಿ ಬುದ್ಧಿಮಾಪನ ಪರೀಕ್ಷೆ ಕೊಟ್ಟು, ಬುದ್ಧಿಮಾಂದ್ಯರ ತರಗತಿಗೆ ಹಾಕಿದ್ದರು. ಎರಡೂ ಭಾಷೆ ಬಲ್ಲ ಪರೀಕ್ಷಕರು ಮತ್ತೆ ಪರೀಕ್ಷಿಸಿದಾಗ ಬಹುತೇಕರು ಬುದ್ಧಿಮಾಂದ್ಯತೆಯ ಗೆರೆ ದಾಟಿದರು. ‘ಡಯಾನಾ’ ಹೆಸರಿನ ಆ ಮೊಕದ್ದಮೆ 1970ರಲ್ಲಿ ರಾಜಿಯಲ್ಲಿ ಮುಗಿಯಿತು. ಮನೆಮಾತಿನಲ್ಲೂ ಪರೀಕ್ಷಿಸಲು ರಾಜ್ಯ ಒಪ್ಪಿಕೊಂಡಿತು.

1975ರ ಅಂಗವಿಕಲ ಮಕ್ಕಳ ಶಿಕ್ಷಣ ಕಾಯಿದೆಯಿಂದಾಗಿ ಮಗುವಿಗೆ ಏನು ಕಲಿಸಬೇಕೆಂದು ತೀರ್ಮಾನಿಸುವ ಸಭೆಗೆ ತಂದೆತಾಯಿಯರೂ ಬಂದು ಕೂತರು. ಅವರಿಗೆ ಇಂಗ್ಲಿಷ್ ಬಾರದಿದ್ದರೆ ಶಾಲೆ ಕೂಗುತ್ತಿದ್ದುದು ಪಕ್ಕದ ಕೋಣೆಯ ಸ್ಪ್ಯಾನಿಷ್ ಟೀಚರನ್ನು. ತೊಡಕಿದ್ದದ್ದು ಇಲ್ಲೇ. ದುಭಾಷಿಯಾದವರು ಏನನ್ನೂ ಸೇರಿಸದೆ, ಬಿಡದೆ, ಆಡಿದ ಮಾತನ್ನಷ್ಟೇ ದಾಟಿಸಬೇಕು. ಆ ಮಗುವಿಗೇ ಪಾಠ ಹೇಳುವ ಟೀಚರಿಗಾದರೋ ಮಗುವಿನ ಬಗ್ಗೆ ತಮ್ಮದೇ ಅಭಿಪ್ರಾಯವಿರುತ್ತದೆ. ತಾಯಿ ತಕರಾರು ತೆಗೆದರೆ ಅದನ್ನು ಅಷ್ಟೇ ಗಟ್ಟಿಯಾಗಿ ತಮ್ಮ ಹೆಡ್‌ಮಾಸ್ಟರಿಗೆ ಮುಟ್ಟಿಸುವುದು ಸುಲಭದ ಮಾತೂ ಅಲ್ಲ. ‘ಕಲಿಕೆಯ ನ್ಯೂನತೆ’ಯಂಥ ತಾಂತ್ರಿಕ ಪದಗಳು ಅಡುಗೆಮನೆಯ ಸ್ಪ್ಯಾನಿಷಿನಲ್ಲಿ ಸಿಗುವಂಥವೂ ಅಲ್ಲ.

2015ರ ಜನವರಿಯಲ್ಲಿ ಕೇಂದ್ರದ ಶಿಕ್ಷಣ ಮತ್ತು ನ್ಯಾಯ ಇಲಾಖೆಗಳು ಶಾಲೆಗಳಿಗೆ ಜಂಟಿ ಪತ್ರ ಬರೆದು, ಅನುವಾದಕ್ಕೆ ವಿದ್ಯಾರ್ಥಿಗಳನ್ನಾಗಲಿ ತರಬೇತಿಯಿಲ್ಲದ ಸಿಬ್ಬಂದಿಯನ್ನಾಗಲಿ ನೆಚ್ಚಬಾರದೆಂದು ತಿಳಿಸಿದವು. ಭಾಷಾ ನೆರವಿನ ಬಗ್ಗೆ ಕ್ಲಿಂಟನ್ 2000ದಲ್ಲಿ ಹೊರಡಿಸಿದ್ದ ಆದೇಶವನ್ನು 2025ರ ಮಾರ್ಚ್‌ನಲ್ಲಿ ಟ್ರಂಪ್ ರದ್ದುಮಾಡಿದರು. ಅಂಗವಿಕಲ ಮಕ್ಕಳ ಕಾಯಿದೆಯ ನಿಯಮಕ್ಕೆ ಆ ರದ್ದತಿ ತಟ್ಟಲಿಲ್ಲ: ಸಭೆಯ ಮಾತು ಪೋಷಕರಿಗೆ ಅರ್ಥವಾಗುವಂತೆ, ಬೇಕಾದರೆ ದುಭಾಷಿಯನ್ನು ಕರೆಸಿ, ನೋಡಿಕೊಳ್ಳುವ ಹೊಣೆ ಶಾಲೆಯದೇ.