ಎರಡನೆಯ ಜಾಗದ ‘ಮೋಡ್’: ಫಾಲೋಕೇಟ್ ಸಿಸ್ಟಂ ಕಾಲ್‌ನ ಕಾಲನಿರ್ಣಯ

ಹೊಸ ಫೈಲ್‌ಸಿಸ್ಟಂ ಲಿನಕ್ಸ್ ಕರ್ನೆಲ್ ಸೇರುವ ಮೊದಲೇ ಅದರ ಇಂಟರ್‌ಫೇಸ್ ಗಟ್ಟಿಯಾಗಿರಬೇಕು. ಇಎಕ್ಸ್‌ಟಿ4 ಬಂದದ್ದು ಹಾಗೆಯೇ, ಬೆಂಗಳೂರಿನಲ್ಲಿ ಬರೆದ, ಫೈಲಿಗೆ ಡಿಸ್ಕಿನಲ್ಲಿ ಜಾಗ ಕಾಯ್ದಿರಿಸುವ ಫಾಲೋಕೇಟ್ ಸಿಸ್ಟಂ ಕಾಲ್ ಅದಕ್ಕೆ ಅಡಿಪಾಯ. ಈ ವಾದವನ್ನು ಹಿರಿಯರೊಬ್ಬರು ಮಂಡಿಸಿದರು, ಉಳಿದವರು ತೂಗಿ ನೋಡದೆ ಒಪ್ಪಿಕೊಂಡರು. ಊರಿನ ಅಭಿಮಾನ ನನಗೂ ಇದೆ. ಆದರೆ ಇಲ್ಲಿ ಕಾಲಕ್ರಮವೇ ತಲೆಕೆಳಗಾಗಿದೆ.

ಇಎಕ್ಸ್‌ಟಿ4 ಕರ್ನೆಲ್ ಸೇರಿದ್ದು 2006ರ ನವೆಂಬರಿನ 2.6.19ರಲ್ಲಿ, ‘ಇಎಕ್ಸ್‌ಟಿ4ಡೆವ್’ ಎಂಬ ಹೆಸರಿನಿಂದ. ಐಬಿಎಂನ ಬೆಂಗಳೂರಿನ ಲಿನಕ್ಸ್ ತಂಡದ ಅಮಿತ್ ಅರೋರಾ ಬರೆದ ಫಾಲೋಕೇಟ್ ಸೇರಿದ್ದು 2007ರ ಜುಲೈನಲ್ಲಿ. ಅದನ್ನು ಹೊತ್ತ 2.6.23 ಹೊರಬಂದದ್ದು ಅಕ್ಟೋಬರಿನಲ್ಲಿ. ‘ಡೆವ್’ ಕಳಚಿದ್ದು 2008ರ ಡಿಸೆಂಬರಿನ 2.6.28ರಲ್ಲಿ. ಅಂದರೆ ಫೈಲ್‌ಸಿಸ್ಟಂ ಮೊದಲು ಒಳಗೆ ಬಂತು, ಇಂಟರ್‌ಫೇಸ್ ಆಮೇಲೆ. (ಇದನ್ನು ತಿಳಿಯಲು ಯಾವ ಕಚೇರಿಯ ಕಡತವೂ ಬೇಕಿಲ್ಲ. ಕರ್ನೆಲ್‌ನ ಗಿಟ್ ಚರಿತ್ರೆ ಜೇವರ್ಗಿಯ ಲ್ಯಾಪ್‌ಟಾಪಿನಲ್ಲೂ ತೆರೆಯುತ್ತದೆ. ಬೆಂಗಳೂರಿನಲ್ಲೇ ಇದ್ದು ತೆರೆಯದವರಿಗೆ ಏನೆನ್ನೋಣ?)

ಈ ದಿನಾಂಕಗಳಿಗಿಂತ ಗಟ್ಟಿಯಾದ ಸಾಕ್ಷ್ಯ ಒಂದೇ ಸಾಲಿನಲ್ಲಿದೆ. ಫಾಲೋಕೇಟ್ ನಾಲ್ಕು ಆರ್ಗ್ಯುಮೆಂಟ್ ಪಡೆಯುತ್ತದೆ: ಫೈಲ್ ಡಿಸ್ಕ್ರಿಪ್ಟರ್, ಮೋಡ್, ಆಫ್‌ಸೆಟ್, ಉದ್ದ. ‘ಮೋಡ್’ ಕೊನೆಗೆ ಬರದೆ ಎರಡನೆಯದಾಗಿ ಕೂತದ್ದು ಬರೆದವರ ಶೈಲಿಯಷ್ಟೇ ಎಂದು ಮೇಲಿನ ಹಿರಿಯರು ಅದನ್ನು ದಾಟಿಬಿಡುತ್ತಾರೆ. ನನ್ನ ತಕರಾರು ಇಲ್ಲೇ.

ಆಫ್‌ಸೆಟ್ ಮತ್ತು ಉದ್ದ 64 ಬಿಟ್‌ನವು. 32 ಬಿಟ್‌ನ ಯಂತ್ರದಲ್ಲಿ ಇವಕ್ಕೆ ಎರಡೆರಡು ರಿಜಿಸ್ಟರ್ ಬೇಕು. ಆರ್ಮ್ ಮತ್ತು ಪವರ್‌ಪಿಸಿಯಲ್ಲಿ ಆ ಜೋಡಿ ನಿಗದಿತ ಜಾಗದಿಂದಲೇ ಶುರುವಾಗಬೇಕು. ಮೋಡನ್ನು ಕೊನೆಗಿಟ್ಟರೆ ಡಿಸ್ಕ್ರಿಪ್ಟರಿನ ಪಕ್ಕದ ರಿಜಿಸ್ಟರ್ ಖಾಲಿ ಬಿದ್ದು ಒಟ್ಟು ಏಳು ಬೇಕಾಗುತ್ತವೆ. ಸಿಸ್ಟಂ ಕಾಲ್‌ಗೆ ಸಿಗುವುದು ಆರು. ಮೋಡನ್ನು ಆ ಖಾಲಿ ಜಾಗಕ್ಕೆ ತಂದರೆ ಲೆಕ್ಕ ಸರಿಯಾಗಿ ಆರಕ್ಕೆ ನಿಲ್ಲುತ್ತದೆ.

ಇದು ನಾನು ಈಗ ಕೂತು ಹೊಸೆದ ಸಮರ್ಥನೆಯಲ್ಲ. 2006ರಲ್ಲಿ 2.6.17ರೊಂದಿಗೆ ಬಂದ ‘ಸಿಂಕ್ ಫೈಲ್ ರೇಂಜ್’ ಕಾಲ್‌ನಲ್ಲಿ ಫ್ಲ್ಯಾಗ್ ಕೊನೆಯಲ್ಲಿತ್ತು. ಅದು ಆರ್ಮ್‌ಗೆ ಹೊಂದದೆ 2.6.20ರಲ್ಲಿ ಫ್ಲ್ಯಾಗನ್ನು ಎರಡನೆಯ ಜಾಗಕ್ಕೆ ತಂದ ಬೇರೊಂದು ಕಾಲ್ ಸೇರಿಸಬೇಕಾಯಿತು, 2.6.22ರಲ್ಲಿ ಪವರ್‌ಪಿಸಿಗೂ ಅದೇ ಬಂದು, ಹೆಸರು ‘ಸಿಂಕ್ ಫೈಲ್ ರೇಂಜ್ 2’ ಆಯಿತು. 2.6.22 ಬಿಡುಗಡೆಯಾದದ್ದು 2007ರ ಜುಲೈ 8ಕ್ಕೆ. ಫಾಲೋಕೇಟ್ ಸೇರಿದ್ದೂ ಅದೇ ತಿಂಗಳು, ಐ386, ಎಕ್ಸ್86‑64 ಮತ್ತು ಪವರ್‌ಪಿಸಿಗಳಿಗೆ. ಇದನ್ನು ಕಾಕತಾಳೀಯ ಎನ್ನುವವರು ಶೈಲಿಯ ವಾದಕ್ಕೆ ಬೇರೆ ಆಧಾರ ಒದಗಿಸಲಿ.

ಈ ಕ್ರಮವೂ ಎಲ್ಲರಿಗೂ ಒಗ್ಗಲಿಲ್ಲ, ನಿಜ. 31 ಬಿಟ್‌ನ ಎಸ್390ಯಲ್ಲಿ ಉದ್ದದ ಅರ್ಧ ಭಾಗ ಕೊನೆಯ ರಿಜಿಸ್ಟರಿನಲ್ಲಿ ಉಳಿದು ಇನ್ನರ್ಧ ಸ್ಟ್ಯಾಕಿಗೆ ಬೀಳುತ್ತಿತ್ತು. ಹಾಗಾಗಿ ಉದ್ದವನ್ನು ಎರಡು ತುಂಡಾಗಿ ಪಡೆಯುವ ಪ್ರತ್ಯೇಕ ಹೊದಿಕೆಯನ್ನು ಅದಕ್ಕೆ ಬರೆಯಬೇಕಾಯಿತು. ಆದರೆ ಈ ಅಪವಾದ ನನ್ನ ವಾದಕ್ಕೇ ಬಲ ಕೊಡುತ್ತದೆ: ಬರೀ ಶೈಲಿಯಾಗಿದ್ದರೆ ಒಂದು ಯಂತ್ರಕ್ಕೆ ತೊಡಕಾಗುವ ಕ್ರಮವನ್ನು ಹಟ ಹಿಡಿದು ಉಳಿಸಿಕೊಳ್ಳುವ ಅಗತ್ಯವೇನಿತ್ತು?

ಇಷ್ಟು ಚೌಕಾಶಿ ಕಾಲ್‌ಗೆ ಮಾತ್ರ ಏಕೆ ನಡೆಯಿತೆಂಬುದಕ್ಕೂ ಕಾರಣವಿದೆ. ‘ಡೆವ್’ ಎಂಬ ಹೆಸರಿನ ಮರೆಯಲ್ಲಿ ಡಿಸ್ಕಿನ ಮೇಲಿನ ವಿನ್ಯಾಸವನ್ನು ತಿದ್ದುತ್ತ ಹೋಗಬಹುದಿತ್ತು. ಬಳಸುವವರಿಗೂ ಎಚ್ಚರಿಕೆ ಸಿಕ್ಕಿತ್ತು. ಸಿಸ್ಟಂ ಕಾಲ್‌ಗೆ ಅಂಥ ಹೆಸರಿಲ್ಲ. ಒಮ್ಮೆ ಬಿಡುಗಡೆಯಾದರೆ ಅದನ್ನು ನಂಬಿದ ಪ್ರೋಗ್ರಾಂ ಮುರಿಯಬಾರದೆಂಬುದು ಕರ್ನೆಲ್‌ನ ನಿಯಮ. ಹಾಗಾಗಿ ಸ್ಥಿರೀಕರಣದ ಗಡುವು ಬಿದ್ದದ್ದು ಫೈಲ್‌ಸಿಸ್ಟಂಗಲ್ಲ, ಕಾಲ್‌ಗೆ.

2.6.23ರಲ್ಲಿ ಮೋಡ್‌ಗೆ ಇದ್ದದ್ದು ಒಂದೇ ಫ್ಲ್ಯಾಗ್, ಫೈಲಿನ ಗಾತ್ರ ಬದಲಿಸದೆ ಜಾಗ ಕಾಯ್ದಿರಿಸುವುದು. ಫೈಲಿನ ನಡುವೆ ತೂತು ಕೊರೆಯುವ ಫ್ಲ್ಯಾಗ್ 2011ರ 2.6.38ರಲ್ಲಿ, ನಡುವಿನ ಭಾಗ ತೆಗೆದು ಮುಚ್ಚುವುದು 2014ರ 3.15ರಲ್ಲಿ, ನಡುವೆ ಜಾಗ ತುರುಕುವುದು 2015ರ 4.1ರಲ್ಲಿ ಸೇರಿದವು. ನಾಲ್ಕು ಆರ್ಗ್ಯುಮೆಂಟ್‌ಗಳ ಸಾಲು ಮಾತ್ರ ಅಲುಗಲಿಲ್ಲ. ಬೆಂಗಳೂರಿನ ಪಾಲನ್ನು ಅಳೆಯುವುದಾದರೆ ಇದರಿಂದ ಅಳೆಯಬೇಕು. ಇಎಕ್ಸ್‌ಟಿ4ರ ವಿಲೀನದ ದಿನಾಂಕಕ್ಕೆ ಗಂಟು ಹಾಕಿದರೆ ಆ ಪಾಲು ಕುಗ್ಗುತ್ತದೆಯೇ ಹೊರತು ಹಿಗ್ಗುವುದಿಲ್ಲ.