ಅಂಗಡಿ ಕಂಪ್ಯೂಟರ್‌ಗೆ ಎರಡು ಅಕೌಂಟ್ ಯಾಕೆ ಬೇಕು? ಹೇಗೆ ಮಾಡೋದು?

ಕೆಲಸದ ಹುಡುಗನ ಕೈಗೆ ಶಟರ್ ಕೀ ಕೊಡ್ತಾರೆ, ಗಲ್ಲಾಪೆಟ್ಟಿಗೆ ಕೀ ಕೊಡಲ್ಲ. ಆದರೆ ಬಿಲ್ಲಿಂಗ್ ಕಂಪ್ಯೂಟರ್ ವಿಷಯ ಬಂದರೆ ಮಾಲೀಕರು, ಹುಡುಗ, ಸಂಜೆ ಗೇಮ್ ಆಡೋಕೆ ಬರುವ ಮಗ ಎಲ್ಲರಿಗೂ ಒಂದೇ ಅಕೌಂಟ್. ಅದೂ ಬಹುತೇಕ ಅಡ್ಮಿನಿಸ್ಟ್ರೇಟರ್ ಅಕೌಂಟ್. ವಿಂಡೋಸ್ ಹಾಕುವಾಗ ಮೊದಲು ತೆರೆಯುವ ಅಕೌಂಟ್‌ಗೆ ಆ ಅಧಿಕಾರ ತಾನಾಗಿಯೇ ಸಿಗುತ್ತದೆ. ಆಮೇಲೆ ಅದನ್ನು ಬದಲಾಯಿಸುವವರು ಕಡಿಮೆ.

ಕಂಪ್ಯೂಟರ್‌ನಲ್ಲಿ ಯಾವುದೇ ಪ್ರೋಗ್ರಾಂ ಓಡುವುದು ಅದನ್ನು ತೆರೆದವರ ಅಧಿಕಾರದಲ್ಲಿ. ಗಿರಾಕಿ ತಂದ ಪೆನ್‌ಡ್ರೈವ್‌ನಲ್ಲಿರುವ ವೈರಸ್‌ಗೂ, ಪುಕ್ಕಟೆ ಸಿಕ್ಕಿತೆಂದು ಡೌನ್‌ಲೋಡ್ ಮಾಡಿದ ಕ್ರ್ಯಾಕ್ ಸಾಫ್ಟ್‌ವೇರ್‌ಗೂ ಇದೇ ನಿಯಮ. 2007ರಲ್ಲಿ ವಿಸ್ತಾ ಬಂದ ಮೇಲೆ ಮೈಕ್ರೋಸಾಫ್ಟ್ ಒಂದು ತಡೆ ಹಾಕಿತು. ಸಿಸ್ಟಂನಲ್ಲಿ ದೊಡ್ಡ ಬದಲಾವಣೆ ಮಾಡಲು ಹೊರಟ ಪ್ರೋಗ್ರಾಂ ಮೊದಲು ಅನುಮತಿ ಕೇಳಬೇಕು. ಅಡ್ಮಿನ್ ಅಕೌಂಟ್‌ನಲ್ಲಿ ಅದು ಬರೀ 'ಯೆಸ್', 'ನೋ' ಎಂದು ಕೇಳುತ್ತದೆ. ಗಿರಾಕಿ ಎದುರಿಗೆ ನಿಂತಿರುವಾಗ ಓದುವವರು ಯಾರು? ಯೆಸ್ ಒತ್ತಿಬಿಡ್ತಾರೆ. ಸ್ಟ್ಯಾಂಡರ್ಡ್ ಅಕೌಂಟ್‌ನಲ್ಲಾದರೆ ಅಡ್ಮಿನ್ ಪಾಸ್‌ವರ್ಡ್ ಹಾಕಬೇಕು. ಅದು ಗೊತ್ತಿರುವುದು ಮಾಲೀಕರಿಗೆ ಮಾತ್ರ. ಹಾಗಾಗಿ ಆ್ಯಂಟಿವೈರಸ್ ಆಫ್ ಮಾಡುವುದು, ವಿಂಡೋಸ್ ಫೈಲ್ ತಿದ್ದುವುದು ಇಂಥವೆಲ್ಲ ಅಲ್ಲಿಗೇ ನಿಲ್ಲುತ್ತವೆ.

ಹಳೆ ಅಕೌಂಟ್ ಬಿಟ್ಟು ಹೊಸದಕ್ಕೆ ಹೋದರೆ ಡೆಸ್ಕ್‌ಟಾಪ್‌ನಲ್ಲಿರುವ ಫೈಲ್ ಗತಿ ಏನು ಎಂಬ ಭಯ ಬೇಡ. ಉಲ್ಟಾ ಮಾಡಿದರಾಯಿತು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಅಕೌಂಟ್ಸ್, ಅದರಲ್ಲಿ ಅದರ್ ಯೂಸರ್ಸ್ ತೆರೆದು ಹೊಸ ಅಕೌಂಟ್ ಮಾಡಿ, ಪಾಸ್‌ವರ್ಡ್ ಇಡಿ. 'ಚೇಂಜ್ ಅಕೌಂಟ್ ಟೈಪ್' ಒತ್ತಿ ಅದನ್ನು ಅಡ್ಮಿನಿಸ್ಟ್ರೇಟರ್ ಮಾಡಿ. ಸೈನ್ ಔಟ್ ಆಗಿ ಆ ಹೊಸ ಅಕೌಂಟ್‌ಗೆ ಒಮ್ಮೆ ಹೋಗಿ, ಅಲ್ಲಿಂದ ಹಳೆಯದನ್ನು ಸ್ಟ್ಯಾಂಡರ್ಡ್ ಯೂಸರ್ ಮಾಡಿ. ಫೈಲ್‌ಗಳು ಇದ್ದಲ್ಲೇ ಇರುತ್ತವೆ. ದಿನದ ಕೆಲಸಕ್ಕೆ ಹಳೆಯದೇ, ಹೊಸದು ಬೀರುವಿನ ಕೀ ಇದ್ದಂತೆ. ಪಾಸ್‌ವರ್ಡ್ ಮರೆತರೆ ಪೇಚಾಟ ಜಾಸ್ತಿ, ಒಂದು ಚೀಟಿಯಲ್ಲಿ ಬರೆದು ಮನೆಯಲ್ಲಿಡಿ. ಕಂಪ್ಯೂಟರ್‌ಗೆ ಅಂಟಿಸಬೇಡಿ!

ಕೆಲವು ಹಳೆ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳು ಸ್ಟ್ಯಾಂಡರ್ಡ್ ಅಕೌಂಟ್‌ನಲ್ಲಿ ತಕರಾರು ಮಾಡಬಹುದು. ಅದಕ್ಕಾಗಿ ಅಕೌಂಟನ್ನೇ ಮತ್ತೆ ಅಡ್ಮಿನ್ ಮಾಡುವುದು ಬೇಡ. ಆ ಸಾಫ್ಟ್‌ವೇರ್‌ನ ಫೋಲ್ಡರ್‌ಗೆ ಮಾತ್ರ ಬರೆಯುವ ಅನುಮತಿ ಕೊಡುವಂತೆ ರಿಪೇರಿಯವರಿಗೆ ಹೇಳಿ.

ಮಕ್ಕಳಿಗೆ ಇನ್ನೊಂದು ಸ್ಟ್ಯಾಂಡರ್ಡ್ ಅಕೌಂಟ್ ಮಾಡಿಕೊಡುವುದು ಒಳ್ಳೆಯದು. ಅಲ್ಲಿ ಹೊಕ್ಕ ವೈರಸ್‌ಗೆ ನಿಮ್ಮ ಅಕೌಂಟ್‌ನ ಡಾಕ್ಯುಮೆಂಟ್ಸ್ ಸುಲಭಕ್ಕೆ ಸಿಗುವುದಿಲ್ಲ. ಆದರೆ ಇಲ್ಲೊಂದು ಮೋಸ ಇದೆ. ನಮ್ಮ ಕಡೆ ಎಲ್ಲರೂ ಲೆಕ್ಕದ ಫೈಲ್ ಇಡೋದು ಡಿ ಡ್ರೈವ್‌ನಲ್ಲಿ. ಅಲ್ಲಿರುವ ಫೋಲ್ಡರ್‌ಗಳನ್ನು ಸಾಮಾನ್ಯವಾಗಿ ಆ ಕಂಪ್ಯೂಟರ್‌ನ ಎಲ್ಲ ಅಕೌಂಟ್‌ಗಳೂ ತೆರೆಯಬಹುದು, ತಿದ್ದಬಹುದು. ಮುಖ್ಯವಾದದ್ದನ್ನು ನಿಮ್ಮ ಅಕೌಂಟ್‌ನ ಡಾಕ್ಯುಮೆಂಟ್ಸ್‌ಗೆ ಸೇರಿಸಿ.

ಇಷ್ಟು ಮಾಡಿದರೂ ರ‍್ಯಾನ್ಸಮ್‌ವೇರ್‌ಗೆ ಪೂರ್ತಿ ತಡೆಯಿಲ್ಲ. ನಿಮ್ಮ ಫೈಲ್ ತಿದ್ದಲು ನಿಮಗೆ ಅಧಿಕಾರ ಇದೆ ಅಂದಮೇಲೆ ನೀವು ತೆರೆದ ವೈರಸ್‌ಗೂ ಇದೆ, ಬೀಗ ಹಾಕಿ ದುಡ್ಡು ಕೇಳಲು ಅಷ್ಟೇ ಸಾಕು. ಬ್ರೌಸರ್‌ನಲ್ಲಿ ಸೇವ್ ಮಾಡಿದ ಬ್ಯಾಂಕ್ ಪಾಸ್‌ವರ್ಡ್ ಕದಿಯಲೂ ಅಡ್ಮಿನ್ ಅಧಿಕಾರ ಬೇಕೆಂದಿಲ್ಲ. ಹಾಗಾಗಿ ವಾರಕ್ಕೊಮ್ಮೆ ಬೇರೆ ಹಾರ್ಡ್‌ಡಿಸ್ಕ್‌ಗೆ ಬ್ಯಾಕಪ್ ತೆಗೆದು, ಕೇಬಲ್ ಕಿತ್ತು ಒಳಗಿಡಿ. ಚುಚ್ಚಿಯೇ ಬಿಟ್ಟರೆ ವೈರಸ್ ಅದನ್ನೂ ಹಿಡಿಯುತ್ತದೆ.

ಖಾತೆಯಿಂದ ಹಣ ಹೋದದ್ದು ಕಂಡರೆ ತಕ್ಷಣ ಇಂಟರ್‌ನೆಟ್ ಕಡಿತ ಮಾಡಿ, ಬ್ಯಾಂಕಿಗೆ ತಿಳಿಸಿ, ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.