ಚಿತ್ರಕಥಾ ಸಮ್ಮೇಳನಗಳಲ್ಲಿ ಮಗುವಿನ ಸ್ಥಾನ: ಒಂದು ಚಾರಿತ್ರಿಕ ಅವಲೋಕನ

ಯಾವುದೇ ಸಾಹಿತ್ಯ ಪ್ರಕಾರದ ಚರಿತ್ರೆಯನ್ನು ನಿರೂಪಿಸುವಾಗ ಕೃತಿ, ಕರ್ತೃ ಮತ್ತು ಪ್ರಕಾಶಕರನ್ನು ಕುರಿತ ಚರ್ಚೆಗೆ ಪ್ರಾಶಸ್ತ್ಯ ದೊರೆಯುತ್ತದೆ. ಓದುಗರು ಒಂದೆಡೆ ಕಲೆತ ತಾಣಗಳನ್ನು ಕುರಿತ ವಿಚಾರ ಸಾಮಾನ್ಯವಾಗಿ ಹಿಂದೆ ಉಳಿಯುತ್ತದೆ. ಚಿತ್ರಕಥೆಗಳ ವಿಷಯದಲ್ಲಿ ಈ ಕೊರತೆ ಇನ್ನೂ ಹೆಚ್ಚು. ಕಾಮಿಕ್ ಸಮ್ಮೇಳನದ ನೂಕುನುಗ್ಗಲಿನಲ್ಲಿ ತಂದೆತಾಯಿಯರು ಮಕ್ಕಳ ಕೈ ಬಿಡದೆ ಮಳಿಗೆಯಿಂದ ಮಳಿಗೆಗೆ ಸಾಗುವ ದೃಶ್ಯ ಸ್ಯಾನ್ ಡಿಯಾಗೋದಿಂದ ಬೆಂಗಳೂರಿನವರೆಗೆ ಇಂದು ಸರ್ವೇಸಾಮಾನ್ಯವಾಗಿದೆ. ಚಿತ್ರಕಥೆ ಮಕ್ಕಳ ಓದು, ಆದ್ದರಿಂದ ಅದರ ಮೇಳಕ್ಕೆ ಮಕ್ಕಳು ಬರುವುದು ಸಹಜ ಎಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಈ ಸಮ್ಮೇಳನಗಳ ಅರುವತ್ತು ವರ್ಷಗಳ ಚರಿತ್ರೆಯನ್ನು ಪರಿಶೀಲಿಸಿದಾಗ ಈ ಸಹಜತೆ ಇತ್ತೀಚಿನದೆಂಬುದು ತಿಳಿದುಬರುತ್ತದೆ. ಸಮ್ಮೇಳನವನ್ನು ಮೊದಲು ಕಟ್ಟಿದವರಲ್ಲಿ ಎಳೆಯ ವಯಸ್ಸಿನವರೇ ಮುಂದಿದ್ದರು. ಅದು ಬೆಳೆದಂತೆ ಮಗು ಅಲ್ಲಿಂದ ದೂರವಾಯಿತು. ಮರಳಿ ಬಂದಾಗ ಅದು ಹಿರಿಯರ ಚೀಟಿಯ ಆಶ್ರಯದಲ್ಲಿ ಒಳಗೆ ಬಿಡಲ್ಪಡುವ ಅತಿಥಿಯಾಗಿತ್ತು.

ಈ ಪಲ್ಲಟವನ್ನು ಅರಿಯಲು ಸಮ್ಮೇಳನಗಳಿಗೂ ಹಿಂದಿನ ಒಂದು ಘಟನೆಯನ್ನು ಗಮನಿಸಬೇಕು. 1948ರ ಅಕ್ಟೋಬರಿನಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಸ್ಪೆನ್ಸರ್ ಎಂಬ ಸಣ್ಣ ಊರಿನ ಶಾಲೆಯ ಆವರಣದಲ್ಲಿ ಸುಮಾರು 600 ಮಕ್ಕಳು ನೆರೆದು, ತಾವೇ ಸಂಗ್ರಹಿಸಿ ತಂದ ಸುಮಾರು 2,000 ಕಾಮಿಕ್ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟರು. ಶಿಕ್ಷಕರ ಮತ್ತು ಪಾಲಕರ ಪ್ರೋತ್ಸಾಹ ಅದಕ್ಕಿತ್ತು. ಇಂತಹ ದಹನಗಳು ಬೇರೆ ಊರುಗಳಲ್ಲಿಯೂ ನಡೆದವು. ಮನೋವೈದ್ಯ ಫ್ರೆಡ್ರಿಕ್ ವರ್ಥಮ್ 1954ರಲ್ಲಿ ಪ್ರಕಟಿಸಿದ ‘ಸೆಡಕ್ಷನ್ ಆಫ್ ದಿ ಇನೊಸೆಂಟ್’ ಎಂಬ ಗ್ರಂಥ ಚಿತ್ರಕಥೆಗೂ ಬಾಲಾಪರಾಧಕ್ಕೂ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸಿತು. ಅದೇ ವರ್ಷ ಅಮೆರಿಕದ ಸೆನೆಟ್ಟಿನ ಉಪಸಮಿತಿ ನ್ಯೂಯಾರ್ಕಿನಲ್ಲಿ ವಿಚಾರಣೆ ನಡೆಸಿತು. ಪ್ರಕಾಶಕರು ತಮ್ಮ ಮೇಲೆ ತಾವೇ ಹೇರಿಕೊಂಡ ಕಾಮಿಕ್ಸ್ ಸಂಹಿತೆ ಜಾರಿಗೆ ಬಂದಿತು. ವರ್ಥಮನ ತೀರ್ಮಾನಗಳ ಆಧಾರಗಳು ದುರ್ಬಲವಾಗಿದ್ದವೆಂಬುದನ್ನು ನಂತರದ ವಿದ್ವಾಂಸರು ತೋರಿಸಿದ್ದಾರೆ. ಆದರೂ ಒಂದು ತಲೆಮಾರಿನ ಪಾಲಕರ ಮನಸ್ಸಿನಲ್ಲಿ ಕಾಮಿಕ್ ಪುಸ್ತಕವೆಂದರೆ ಮಗುವಿನ ಹಾಸಿಗೆಯಡಿಯಿಂದ ಹುಡುಕಿ ತೆಗೆದು ಎಸೆಯಬೇಕಾದ ವಸ್ತುವಾಗಿ ಉಳಿಯಿತು.

ಹೀಗೆ ಎಸೆಯಲ್ಪಟ್ಟ ಪುಸ್ತಕಗಳ ಅಭಾವವೇ ಸಮ್ಮೇಳನಗಳಿಗೆ ಒಂದು ಕಾರಣವಾಯಿತೆನ್ನಬಹುದು. ಹಳೆಯ ಸಂಚಿಕೆಗಳು ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ; ಗ್ರಂಥಾಲಯಗಳು ಅವನ್ನು ಸಂಗ್ರಹಿಸುತ್ತಿರಲಿಲ್ಲ. ಬೇಕಾದವರು ಪತ್ರ ಬರೆದು ಪರಸ್ಪರ ವಿನಿಮಯ ಮಾಡಿಕೊಳ್ಳಬೇಕಿತ್ತು. ಪತ್ರಮುಖೇನ ಪರಿಚಯವಾದವರು ಮುಖತಃ ಭೇಟಿಯಾಗಬೇಕೆಂಬ ಆಸೆಯಿಂದ 1964ರ ಜುಲೈ 27ರಂದು ನ್ಯೂಯಾರ್ಕಿನಲ್ಲಿ ಒಂದು ದಿನದ ಕೂಟ ಏರ್ಪಟ್ಟಿತು. ಚಿತ್ರಕಥೆಗಳಿಗೇ ಮೀಸಲಾದ ಮೊದಲ ಸಮ್ಮೇಳನಗಳಲ್ಲಿ ಒಂದೆಂದು ಗಣಿಸಲಾಗುವ ಇದರ ಸಂಘಟಕ ಬರ್ನಿ ಬಬ್ನಿಸ್ ಆಗ ಹದಿನಾರರ ಹುಡುಗ. ನೆರೆದವರು ನೂರಕ್ಕಿಂತ ಕಡಿಮೆ. ಸ್ಪೈಡರ್‌ಮ್ಯಾನ್ ಪಾತ್ರದ ಸಹನಿರ್ಮಾಪಕ ಸ್ಟೀವ್ ಡಿಟ್ಕೊ ಅಲ್ಲಿಗೆ ಬಂದಿದ್ದರು. ಮುಂದೆ ಕಾದಂಬರಿಕಾರರಾಗಿ ಜಗತ್ಪ್ರಸಿದ್ಧರಾದ ಜಾರ್ಜ್ ಆರ್. ಆರ್. ಮಾರ್ಟಿನ್ ಆ ದಿನದ ಸಭಿಕರಲ್ಲೊಬ್ಬರು. ಅವರ ವಯಸ್ಸು ಆಗ ಹದಿನೈದು. ಯಾರೂ ಯಾರನ್ನೂ ಕರೆದುಕೊಂಡು ಬಂದಿರಬೇಕಾದ ಅಗತ್ಯವಿಲ್ಲದ ಕೂಟ ಅದು.

ಸ್ಯಾನ್ ಡಿಯಾಗೋ ಸಮ್ಮೇಳನದ ಮೂಲದಲ್ಲಿಯೂ ಇದೇ ಲಕ್ಷಣವಿದೆ. 1969ರಲ್ಲಿ ಅಲ್ಲಿ ಒಂದುಗೂಡಿದ ತಂಡದಲ್ಲಿ ಶೆಲ್ ಡಾರ್ಫ್ ಮತ್ತು ಪುಸ್ತಕ ವ್ಯಾಪಾರಿ ಕೆನ್ ಕ್ರೂಗರ್ ಹಿರಿಯರಾಗಿದ್ದರು. ಉಳಿದವರು ಶಾಲಾಬಾಲಕರು. ರಿಚರ್ಡ್ ಆಲ್ಫ್ ಎಂಬ ತರುಣ ಹಳೆಯ ಕಾಮಿಕ್ಸ್‌ಗಳನ್ನು ಅಂಚೆಯ ಮೂಲಕ ಮಾರಿ ಗಳಿಸಿದ ಹಣವನ್ನು ಮೊದಲ ಖರ್ಚಿಗೆ ಒದಗಿಸಿದ. ಬ್ಯಾರಿ ಅಲ್ಫಾನ್ಸೊ ಎಂಬವನಿಗೆ ಹನ್ನೆರಡರ ಆಸುಪಾಸಿನ ವಯಸ್ಸು. ಇವರೆಲ್ಲ ಡಾರ್ಫ್ ಜತೆಯಲ್ಲಿ ಖ್ಯಾತ ಚಿತ್ರಕಾರ ಜ್ಯಾಕ್ ಕರ್ಬಿಯವರ ಮನೆಗೆ ಹೋಗಿ ಸಲಹೆ ಪಡೆದರು. 1970ರ ಮಾರ್ಚ್ 21ರಂದು ಯು. ಎಸ್. ಗ್ರಾಂಟ್ ಹೋಟೆಲಿನಲ್ಲಿ ನಡೆದ ಒಂದು ದಿನದ ಪೂರ್ವಭಾವಿ ಕೂಟಕ್ಕೆ ಸುಮಾರು ನೂರು ಮಂದಿ ಬಂದರು. ಆಗಸ್ಟ್ 1ರಿಂದ 3ರವರೆಗಿನ ಪೂರ್ಣ ಸಮ್ಮೇಳನಕ್ಕೆ ಬಂದವರು ಸುಮಾರು ಮುನ್ನೂರು. ಕರ್ಬಿಯವರೂ ಲೇಖಕ ರೇ ಬ್ರ್ಯಾಡ್‌ಬರಿಯವರೂ ಅತಿಥಿಗಳಾಗಿದ್ದರು. ಮುನ್ನೂರು ಜನರ ನಡುವೆ ಹನ್ನೆರಡರ ಹುಡುಗನಿಗೂ ಕರ್ಬಿಗೂ ಇದ್ದ ಅಂತರ ಒಂದು ಮೇಜಿನದು ಮಾತ್ರ. ಟೋಕಿಯೋದಲ್ಲಿ 1975ರ ಡಿಸೆಂಬರ್ 21ರಂದು ಆರಂಭವಾದ ‘ಕಾಮಿಕೆಟ್’ ಮಾರುಕಟ್ಟೆಯ ಸ್ಥಿತಿಯೂ ಭಿನ್ನವಲ್ಲ: 32 ಹವ್ಯಾಸಿ ಬಳಗಗಳು, ಸುಮಾರು 700 ಸಂದರ್ಶಕರು, ಅವರಲ್ಲಿ ಬಹುಪಾಲು ಶಾಲೆಗೆ ಹೋಗುವ ಹುಡುಗಿಯರು.

ಈ ಆರಂಭಿಕ ಸ್ಥಿತಿ ಹೆಚ್ಚು ಕಾಲ ಉಳಿಯಲಿಲ್ಲ. ಬ್ರೂಕ್ಲಿನ್ನಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಫಿಲ್ ಸ್ಯೂಲಿಂಗ್ 1968ರಿಂದ ನ್ಯೂಯಾರ್ಕಿನಲ್ಲಿ ದೊಡ್ಡ ಪ್ರಮಾಣದ ಸಮ್ಮೇಳನಗಳನ್ನು ನಡೆಸಿದರು. 1973ರಲ್ಲಿ ಅಪ್ರಾಪ್ತ ವಯಸ್ಕರಿಗೆ ಅಶ್ಲೀಲ ಸಾಮಗ್ರಿಯನ್ನು ಮಾರಿದ ಆರೋಪದ ಮೇಲೆ ಅವರನ್ನು ಬಂಧಿಸಲಾಯಿತು. ಸಮ್ಮೇಳನದ ಒಂದೇ ಮೇಜಿನ ಮೇಲೆ ಸೂಪರ್‌ಮ್ಯಾನನ ಪಕ್ಕದಲ್ಲಿಯೇ ವಯಸ್ಕರಿಗಾಗಿ ರಚಿತವಾದ ಭೂಗತ ಕಾಮಿಕ್ಸ್‌ಗಳು ಇರಬಹುದಾಗಿದ್ದವೆಂಬುದು ಈ ಪ್ರಕರಣದ ಹಿನ್ನೆಲೆ. ಅದೇ ಸ್ಯೂಲಿಂಗ್ ಪ್ರಕಾಶಕರಿಂದ ನೇರವಾಗಿ ವಿಶೇಷ ಅಂಗಡಿಗಳಿಗೆ ಪುಸ್ತಕ ಪೂರೈಸುವ ವಿತರಣಾ ಪದ್ಧತಿಗೆ ತಳಹದಿ ಹಾಕಿದರು. ಬಂಧನದ ಪ್ರಸಂಗಕ್ಕಿಂತ ಈ ವ್ಯವಸ್ಥೆಯ ಪರಿಣಾಮವೇ ಮಗುವಿನ ಮಟ್ಟಿಗೆ ದೊಡ್ಡದು. ಬೀದಿ ಕೊನೆಯ ಅಂಗಡಿಯಲ್ಲಿ ಮಿಠಾಯಿಯ ಜೊತೆ ಸಿಗುತ್ತಿದ್ದ ಪುಸ್ತಕ, ಹುಡುಕಿಕೊಂಡು ಹೋಗಬೇಕಾದ, ಬಹುಮಟ್ಟಿಗೆ ಪ್ರಾಯದ ಗಂಡಸರು ಸೇರುವ ಅಂಗಡಿಗೆ ಸ್ಥಳಾಂತರಗೊಂಡಿತು. 1986ರಲ್ಲಿ ‘ವಾಚ್‌ಮೆನ್’ ಪ್ರಕಟಣೆ ಆರಂಭವಾಯಿತು. ‘ಮೌಸ್’ ಕೃತಿಯ ಮೊದಲ ಸಂಪುಟ ಹೊರಬಂದಿತು. ಚಿತ್ರಕಥೆ ಗಂಭೀರ ಕಲೆಯೆಂಬ ಮನ್ನಣೆ ಪಡೆದದ್ದು ಸಂತೋಷದ ವಿಷಯವೇ. ಆದರೆ ಆ ಮನ್ನಣೆಯ ಭರದಲ್ಲಿ ‘ಇದು ಮಕ್ಕಳಿಗಲ್ಲ’ ಎಂಬ ಮಾತು ಹೊಗಳಿಕೆಯಾಗಿ ಬಳಕೆಗೆ ಬಂದುದನ್ನು ವಿಮರ್ಶಕರು ಅಷ್ಟಾಗಿ ಪರಿಶೀಲಿಸಿದಂತಿಲ್ಲ.

ಇದರ ನಡುವೆ ಸಂದಣಿಯ ಪ್ರಮಾಣ ಬದಲಾಯಿತು. ಸ್ಯಾನ್ ಡಿಯಾಗೋ ಸಮ್ಮೇಳನಕ್ಕೆ 1990ರಲ್ಲಿ ಸುಮಾರು 13,000 ಮಂದಿ ಬಂದಿದ್ದರು. 1991ರಲ್ಲಿ ಅದು ಕಡಲ ತೀರದ ಹೊಸ ಸಮ್ಮೇಳನ ಕೇಂದ್ರಕ್ಕೆ ಸ್ಥಳಾಂತರಗೊಂಡಿತು. 2000ದಲ್ಲಿ 48,500, 2005ರಲ್ಲಿ 1,03,000, 2010ರ ಹೊತ್ತಿಗೆ 1,30,000ಕ್ಕೂ ಮಿಗಿಲು ಜನ. ಚಲನಚಿತ್ರ ಸಂಸ್ಥೆಗಳು ತಮ್ಮ ಹೊಸ ಚಿತ್ರಗಳ ಪ್ರಚಾರಕ್ಕೆ ಇದನ್ನು ವೇದಿಕೆ ಮಾಡಿಕೊಂಡದ್ದು ಈ ಏರಿಕೆಯ ಮುಖ್ಯ ಕಾರಣ. ಆರು ಸಾವಿರಕ್ಕೂ ಹೆಚ್ಚು ಆಸನಗಳಿರುವ ‘ಹಾಲ್ ಎಚ್’ ಸಭಾಂಗಣಕ್ಕಾಗಿ ಜನ ಹಿಂದಿನ ರಾತ್ರಿಯಿಂದಲೇ ಹೊರಗೆ ಮಲಗುವ ಪರಿಪಾಠ ಬೆಳೆಯಿತು. 2012ರಲ್ಲಿ ಹೀಗೆ ಸರದಿಗಾಗಿ ಕಾದಿದ್ದ ಅಭಿಮಾನಿಯೊಬ್ಬರು ಪಕ್ಕದ ರಸ್ತೆಯಲ್ಲಿ ವಾಹನ ಬಡಿದು ಮೃತಪಟ್ಟರು. ಟೋಕಿಯೋದ ಕಾಮಿಕೆಟ್ ಅಂತೂ 2019ರ ಬೇಸಿಗೆಯ ನಾಲ್ಕು ದಿನಗಳಲ್ಲಿ 7,30,000 ಜನರನ್ನು ಕಂಡಿತು.

ಇಷ್ಟು ಜನರ ನಡುವೆ ಮಗುವಿನ ಎತ್ತರವೇ ಒಂದು ಸಮಸ್ಯೆ. ಮಳಿಗೆಗಳ ಮೇಜುಗಳು ಪ್ರಾಯಸ್ಥರ ಸೊಂಟದ ಮಟ್ಟಕ್ಕೆ ಇರುತ್ತವೆ. ಅದರ ಮೇಲಿನ ಪುಸ್ತಕ ಐದು ವರ್ಷದ ಮಗುವಿಗೆ ಕಾಣಿಸುವುದಿಲ್ಲ. ಅದಕ್ಕೆ ಕಾಣುವುದು ಬೆನ್ನುಚೀಲಗಳು, ಮೊಣಕಾಲುಗಳು ಮತ್ತು ವೇಷಧಾರಿಗಳ ಬೂಟುಗಳು. ನಮ್ಮ ಜಾತ್ರೆಗಳಲ್ಲಿ ತಂದೆ ಮಗುವನ್ನು ಹೆಗಲೇರಿಸಿಕೊಂಡು ತೇರನ್ನು ತೋರಿಸುತ್ತಾನೆ; ತೇರು ಎತ್ತರದ್ದಾದ ಕಾರಣ ಈ ಉಪಾಯ ಫಲಿಸುತ್ತದೆ. ಪುಸ್ತಕಕ್ಕೆ ಹೆಗಲು ಸಾಲದು, ಮಗು ಅದನ್ನು ಕೈಗೆತ್ತಿಕೊಂಡು ಹಾಳೆ ತಿರುವಬೇಕು, ಅದಕ್ಕೆ ಎರಡು ನಿಮಿಷ ನಿಲ್ಲುವಷ್ಟು ಜಾಗ ಬೇಕು. ದೊಡ್ಡ ಸಮ್ಮೇಳನ ಕೊಡಲಾರದೆ ಹೋದದ್ದು ಈ ಎರಡು ನಿಮಿಷವನ್ನು.

ಸಂಘಟಕರು ಸಮಸ್ಯೆಯನ್ನು ಅರಿಯದೆ ಇರಲಿಲ್ಲ. ಸ್ಯಾನ್ ಡಿಯಾಗೋದಲ್ಲಿ ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ, ಹಣ ತೆತ್ತ ಹಿರಿಯರೊಬ್ಬರ ಜೊತೆಗಿದ್ದಲ್ಲಿ, ಪ್ರವೇಶ ಉಚಿತ. ಕೊನೆಯ ದಿನವಾದ ಭಾನುವಾರವನ್ನು ಮಕ್ಕಳ ದಿನವೆಂದು ರೂಢಿಸಲಾಗಿದೆ. ಈ ನಿಯಮಗಳ ಔದಾರ್ಯವನ್ನು ಒಪ್ಪಿಕೊಂಡೇ ಅವುಗಳ ಅರ್ಥವನ್ನು ವಿಚಾರಿಸಬೇಕಾಗುತ್ತದೆ. 1969ರಲ್ಲಿ ಸಮ್ಮೇಳನವನ್ನು ಕಟ್ಟಲು ಕುಳಿತ ಹನ್ನೆರಡರ ಹುಡುಗ, ಅದೇ ಸಮ್ಮೇಳನದ ಈಗಿನ ನಿಯಮದಂತೆ ಹಿರಿಯರಿಲ್ಲದೆ ಈ ಉಚಿತ ಪ್ರವೇಶವನ್ನು ಪಡೆಯಲಾರ. ಸುರಕ್ಷತೆಯ ದೃಷ್ಟಿಯಿಂದ ಇದು ಅನಿವಾರ್ಯವೇ ಇರಬಹುದು, ಆದರೂ ಒಡೆತನ ಯಾರಿಂದ ಯಾರ ಕೈಗೆ ಹೋಯಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದಾಖಲೆ ಬೇಕಿಲ್ಲ.

ಮಕ್ಕಳು ಓದುಗರಾಗಿ ಮರಳಿದ್ದು ಸಮ್ಮೇಳನದ ಬಾಗಿಲಿನಿಂದಲ್ಲ, ಶಾಲೆ ಮತ್ತು ಗ್ರಂಥಾಲಯಗಳ ಮೂಲಕ. ಸ್ಕೊಲಾಸ್ಟಿಕ್ ಸಂಸ್ಥೆ 2005ರಲ್ಲಿ ಮಕ್ಕಳ ಚಿತ್ರಕಾದಂಬರಿಗಳಿಗೆಂದೇ ‘ಗ್ರಾಫಿಕ್ಸ್’ ಎಂಬ ವಿಭಾಗವನ್ನು ತೆರೆಯಿತು. ರೈನಾ ಟೆಲ್ಗೆಮಿಯರ್ ಅವರ ‘ಸ್ಮೈಲ್’ 2010ರಲ್ಲಿ ಬಂದಿತು. ಚಿಕ್ಕ ಪ್ರಮಾಣದ ಮಕ್ಕಳ ಕಾಮಿಕ್ ಕೂಟಗಳೂ ಈ ಅವಧಿಯಲ್ಲಿಯೇ ಕಾಣಿಸಿಕೊಂಡವು. ಮಿಷಿಗನ್ ರಾಜ್ಯದಲ್ಲಿ 2009ರಲ್ಲಿ ಆರಂಭವಾದ ‘ಕಿಡ್ಸ್ ರೀಡ್ ಕಾಮಿಕ್ಸ್’ ಗ್ರಂಥಾಲಯಗಳ ಆಶ್ರಯದಲ್ಲಿ ಬೆಳೆಯಿತು. ಮಕ್ಕಳು ನೆಲದ ಮೇಲೆ ಕುಳಿತು ಓದಬಲ್ಲ, ಚಿತ್ರ ಬರೆಯಬಲ್ಲ ಇಂತಹ ಕೂಟಗಳು 1964ರ ನ್ಯೂಯಾರ್ಕ್ ಕೂಟಕ್ಕೆ ಸ್ಯಾನ್ ಡಿಯಾಗೋದ ಮಹಾಸಮ್ಮೇಳನಕ್ಕಿಂತ ಹತ್ತಿರದ ಬಂಧುಗಳು.

ಭಾರತದ ಸಂದರ್ಭ ಇದಕ್ಕಿಂತ ಭಿನ್ನ. ಕನ್ನಡಕ್ಕೆ ಅದರಲ್ಲಿ ಒಂದು ಅಲಕ್ಷಿತ ಸ್ಥಾನವಿದೆ. ಇಲ್ಲಿ ಚಿತ್ರಕಥೆಯ ಹುಟ್ಟಿಗೆ ಕಾರಣವಾದುದು ಹಿರಿಯರ ಕಾಳಜಿ. ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಭಾಗವಹಿಸಿದ ಮಕ್ಕಳಿಗೆ ಗ್ರೀಕ್ ಪುರಾಣ ತಿಳಿದಿದ್ದು ರಾಮನ ತಾಯಿಯ ಹೆಸರು ತಿಳಿಯದೆ ಹೋದದ್ದು ಅಮರ ಚಿತ್ರಕಥಾ ಮಾಲೆಗೆ ಪ್ರೇರಣೆಯಾಯಿತೆಂದು ಕಾರ್ಕಳದಲ್ಲಿ 1929ರಲ್ಲಿ ಜನಿಸಿದ ಅನಂತ ಪೈ ಅವರು ಹೇಳುತ್ತಿದ್ದರು. 1967 ಮಾಲೆಯ ಆರಂಭದ ವರ್ಷವೆಂದು ಪರಿಗಣಿತವಾಗಿದೆ. ಆದರೆ ಇಂಗ್ಲಿಷ್ ಮಾಲೆಯ ‘ಕೃಷ್ಣ’ ಸಂಚಿಕೆಯ ಕ್ರಮಸಂಖ್ಯೆ ಒಂದಲ್ಲ, ಹನ್ನೊಂದು. ಮೊದಲ ಹತ್ತು ಸಂಖ್ಯೆಗಳು ಕನ್ನಡದವು. ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರಿನ ಪ್ರತಿನಿಧಿ ಜಿ. ಕೆ. ಅನಂತರಾಮ್ ಅವರ ಒತ್ತಾಸೆಯಿಂದ 1965ರ ಸುಮಾರಿಗೆ ಸಿಂಡರೆಲಾ, ಅಲ್ಲಾವುದ್ದೀನ ಮೊದಲಾದ ಕಥೆಗಳು ಕನ್ನಡ ಚಿತ್ರಕಥೆಗಳಾಗಿ ಪ್ರಕಟವಾಗಿದ್ದವು. ಅವುಗಳ ಯಶಸ್ಸೇ ಪ್ರಕಾಶಕರಿಗೆ ಧೈರ್ಯ ಕೊಟ್ಟಿತು. ರಸಪ್ರಶ್ನೆಯ ಪ್ರಸಂಗ ಪದೇಪದೇ ಉಲ್ಲೇಖಗೊಳ್ಳುತ್ತ ಬಂದು, ಕನ್ನಡದ ಈ ಪ್ರಯೋಗ ಮರೆಗೆ ಸರಿದಿದೆ.

ಭಾರತದ ಕಾಮಿಕ್ ಸಮ್ಮೇಳನ 2011ರ ಫೆಬ್ರುವರಿ 19 ಮತ್ತು 20ರಂದು ದೆಹಲಿಯ ದಿಲ್ಲಿ ಹಾಟ್‌ನಲ್ಲಿ ಮೊದಲ ಬಾರಿಗೆ ನಡೆಯಿತು. ಜೀವಮಾನ ಸಾಧನೆಯ ಪ್ರಶಸ್ತಿ ಅನಂತ ಪೈ ಅವರಿಗೆ ಸಂದಿತು. ಅದೇ ತಿಂಗಳ 24ರಂದು ಅವರು ನಿಧನರಾದರು. ಅಮೆರಿಕದಂತೆ ಹುಡುಗರ ವಿನಿಮಯ ಕೂಟವಾಗಿ ಮೊಳೆತು ಬೆಳೆಯುವ ಹಂತ ಇಲ್ಲಿನ ಸಮ್ಮೇಳನಕ್ಕೆ ಇರಲಿಲ್ಲ. ಅದು ಪ್ರಾಯೋಜಕರು, ಮಳಿಗೆಗಳು, ವೇಷಸ್ಪರ್ಧೆಗಳೊಂದಿಗೆ ಸಿದ್ಧರೂಪದಲ್ಲಿಯೇ ಬಂದಿತು. ಬೆಂಗಳೂರಿನಲ್ಲಿ 2012ರಲ್ಲಿ ಕೋರಮಂಗಲದ ಒಳಾಂಗಣ ಕ್ರೀಡಾಂಗಣದಲ್ಲಿ ಅದರ ಮೊದಲ ಆವೃತ್ತಿ ನಡೆಯಿತು. ಮುಂದಿನ ವರ್ಷಗಳಲ್ಲಿ ವೈಟ್‌ಫೀಲ್ಡಿನ ವಸ್ತುಪ್ರದರ್ಶನ ಕೇಂದ್ರಕ್ಕೆ ಸಾಗಿತು. ಇಲ್ಲಿ ಮಗುವಿನ ಕೈ ಹಿಡಿದು ಬರುವ ಪಾಲಕರಲ್ಲಿ ಅನೇಕರು 1980ರಲ್ಲಿ ಆರಂಭವಾದ ‘ಟಿಂಕಲ್’ ಪತ್ರಿಕೆಯ ಓದುಗರ ತಲೆಮಾರಿನವರು. ವೆಸ್ಟ್ ವರ್ಜೀನಿಯಾದ ಪಾಲಕರಂತೆ ಅವರಿಗೆ ಚಿತ್ರಕಥೆಯ ಭಯವಿಲ್ಲ. ತಾವು ಓದಿದ್ದನ್ನು ಮಗುವಿಗೆ ತೋರಿಸಬೇಕೆಂಬ ಹಂಬಲದಿಂದ ಬಂದವರಿಗೆ, ತನ್ನದೇ ಬೇರೆ ನಾಯಕರನ್ನು ಅರಸುವ ಮಗು ಎದುರಾಗುತ್ತದೆ. ಜಪಾನಿನ ಪಾತ್ರಗಳ ವೇಷ ತೊಟ್ಟವರತ್ತ ಅದು ಎಳೆಯುತ್ತದೆ, ಪಾಲಕರು ಅಮರ ಚಿತ್ರಕಥೆಯ ಮಳಿಗೆಯತ್ತ.

ಈ ಎಳೆದಾಟದಲ್ಲಿ ಭಾಷೆಯ ಪ್ರಶ್ನೆ ಬಹುತೇಕ ಏಳುವುದೇ ಇಲ್ಲ. ಸಮ್ಮೇಳನದ ವ್ಯವಹಾರ ಭಾಷೆ ಪ್ರಧಾನವಾಗಿ ಇಂಗ್ಲಿಷ್. 1949ರಿಂದ ಕನ್ನಡದಲ್ಲಿ ಪ್ರಕಟವಾಗುತ್ತಿದ್ದ ‘ಚಂದಮಾಮ’ ನಿಂತುಹೋಗಿದೆ. ಸಮ್ಮೇಳನಗಳ ಕರಪತ್ರ, ಪ್ರವೇಶ ಚೀಟಿ, ಕಾರ್ಯಕ್ರಮ ಪಟ್ಟಿಗಳು ದಿನ ಮುಗಿದೊಡನೆ ಕಸದ ಬುಟ್ಟಿ ಸೇರುವ ವಸ್ತುಗಳು. ಸ್ಯಾನ್ ಡಿಯಾಗೋದಲ್ಲಿ 2021ರ ನವೆಂಬರಿನಲ್ಲಿ ಸಮ್ಮೇಳನದ ಹೆಸರಿನಲ್ಲಿಯೇ ವಸ್ತುಸಂಗ್ರಹಾಲಯ ತೆರೆಯಿತು. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯಗಳು ಸಂಗ್ರಹ ಕಾರ್ಯವನ್ನು ಕೈಗೊಳ್ಳುವುದಾದರೆ, ಹನ್ನೊಂದಕ್ಕೂ ಹಿಂದಿನ ಆ ಹತ್ತು ಕನ್ನಡ ಪುಸ್ತಿಕೆಗಳಿಂದ ಆರಂಭಿಸುವುದು ಉಚಿತ. ಅವುಗಳ ಪ್ರತಿಗಳು ಇನ್ನೂ ಉಳಿದಿರಬಹುದಾದ ಎಡೆ ಹಳೆಯ ಮನೆಗಳ ಅಟ್ಟ. ಅಂದು ಅವನ್ನು ಓದಿದ ಮಕ್ಕಳು ಈಗ ಎಪ್ಪತ್ತರ ಆಸುಪಾಸಿನವರು.